ದೂರದ ಬೇಟೆಗೆ ಭಾರದ ಗುಂಡು: 7 ಎಂಎಂ ತಗೊಳ್ಳಲಾ, .300 ತಗೊಳ್ಳಲಾ?

ಗೋಕಾಕದವ_ದಕ್ಷಿಣದ್ವೀಪ
ಎಲ್ಲರಿಗೂ ನಮಸ್ಕಾರ. ಊರು ಗೋಕಾಕ. ಆರು ವರ್ಷದಿಂದ ನ್ಯೂಜಿಲೆಂಡಿನ ಕ್ಯಾಂಟರ್ಬರಿಯಲ್ಲಿ ಡೇರಿ ಕೆಲಸ. ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬೇಟೆ ಕಾನೂನುಬದ್ಧ. ನನ್ನ ಹತ್ತಿರ ಬಂದೂಕಿನ ಲೈಸೆನ್ಸ್ ಇದೆ. ಸರ್ಕಾರಿ ಕಾಡಿಗೆ ಹೋಗಲು ಪರ್ಮಿಟ್ ಪುಕ್ಕಟೆ ಸಿಗುತ್ತದೆ.

ಇಷ್ಟು ದಿನ ಗೆಳೆಯನ .308 ರೈಫಲ್ ಒಯ್ಯುತ್ತಿದ್ದೆ, 150 ಗ್ರೇನ್ ತೂಕದ ಗುಂಡು. ಕಳೆದ ಸಲ ಒಂದು ಕಣಿವೆಯ ಆಚೆ ಕೆಂಪು ಜಿಂಕೆ ನಿಂತಿತ್ತು. ದೂರಮಾಪಕದಲ್ಲಿ 420 ಮೀಟರ್. ಹೊಡೆದೆ. ತಗುಲಿದ ಸದ್ದು ಕೇಳಿಸಿತು. ಜಿಂಕೆ ಬೀಳಲಿಲ್ಲ, ಗುಡ್ಡ ಹತ್ತಿ ಹೋಯಿತು. ಕತ್ತಲಾಗೋವರೆಗೆ ಹುಡುಕಿದೆವು, ಮರುದಿನ ಮಧ್ಯಾಹ್ನದವರೆಗೂ ಹುಡುಕಿದೆವು. ಎರಡು ಕಡೆ ರಕ್ತ ಕಂಡಿತು, ಆಮೇಲೆ ಏನೂ ಇಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಈಗ ಸ್ವಂತ ರೈಫಲ್ ತಗೋಬೇಕು. ಭಾರದ ಗುಂಡು ಬೇಕು ಅನ್ನೋದು ಖಾತ್ರಿ. ತೋಟಾ ಯಾವುದು, 7 ಎಂಎಂ ಪಿಆರ್‌ಸಿನಾ, .300 ವಿನ್ ಮ್ಯಾಗ್ (ವಿಂಚೆಸ್ಟರ್ ಮ್ಯಾಗ್ನಮ್) ಆ? ಕೆಂಪು ಜಿಂಕೆ ಮತ್ತು ಥಾರ್, ಎರಡಕ್ಕೂ ಆಗಬೇಕು. ಥಾರ್ ಅಂದರೆ ಕಾಡುಮೇಕೆಯ ಜಾತಿ, ಎತ್ತರದ ಬಂಡೆಗಳಲ್ಲಿ ಇರುತ್ತದೆ.

ಚಿಕ್ಕೋಡಿ_ಟೆಕ್ಸಾಸ್
.300 ವಿನ್ ಮ್ಯಾಗ್. ಕಣ್ಣು ಮುಚ್ಚಿ ತಗೋ. 1963ರಿಂದ ಇದೆ, ತೋಟಾ ಎಲ್ಲಾ ಅಂಗಡಿಯಲ್ಲೂ ಸಿಗುತ್ತೆ. ನಾನು ಕೊಲರಾಡೋಕ್ಕೆ ಎಲ್ಕ್ ಬೇಟೆಗೆ ಹೋದಾಗಲೆಲ್ಲ ಇದೇ, 200 ಗ್ರೇನ್ ಗುಂಡು. ಎಲ್ಕ್ ಮುಂದೆ ನಿನ್ನ ಕೆಂಪು ಜಿಂಕೆ ಸಣ್ಣದು.

ಜಮಖಂಡಿ_ಹುಡುಗ
ಅಣ್ಣಾ .338 ಲಾಪುವಾ ತಗೊಳ್ಳಿ! 250 ಗ್ರೇನ್, 300 ಗ್ರೇನ್ ಗುಂಡು. 2009ರಲ್ಲಿ ಅಫ್ಘಾನಿಸ್ತಾನದಲ್ಲಿ ಬ್ರಿಟಿಷ್ ಸೈನಿಕ ಒಬ್ಬ 2475 ಮೀಟರ್‌ನಿಂದ ಹೊಡೆದದ್ದು ಅದರಲ್ಲೇ.

ನಿವೃತ್ತ_ಹವಾಲ್ದಾರ್_ಬೆಳಗಾವಿ
ಜಮಖಂಡಿ ತಮ್ಮಾ, ಅದು ಯುದ್ಧ. ಅಲ್ಲಿ ಮೊದಲ ಗುಂಡು ತಪ್ಪಿದರೆ ಎರಡನೆಯದು, ಮೂರನೆಯದು ಹೊಡೆದು ಸರಿ ಮಾಡಿಕೊಳ್ಳುತ್ತಾರೆ. ಬೇಟೆಯಲ್ಲಿ ಮೊದಲ ಗುಂಡೇ ಎಲ್ಲಾ. ಆ ರೈಫಲ್ ಆರು ಕಿಲೋ ಮೇಲೆ ತೂಗುತ್ತದೆ. ಅದನ್ನು ಹೊತ್ತು ಥಾರ್ ಇರೋ ಗುಡ್ಡ ಹತ್ತಿ ನೋಡು ಒಮ್ಮೆ.

ಗೋಕಾಕ ತಮ್ಮಾ, ನೀನು ಜಿಂಕೆ ಕಳೆದದ್ದನ್ನು ಮುಚ್ಚಿಡದೆ ಬರೆದೆ, ಅದು ದೊಡ್ಡದು. ಅದಕ್ಕೇ ನೇರ ಕೇಳುತ್ತೇನೆ. ಆವತ್ತು ಗಾಳಿ ಎಷ್ಟಿತ್ತು? ಯಾವ ಕಡೆಯಿಂದ? ಹೊಡೆಯೋಕೆ ಮೊದಲು ಗಾಳಿ ನೋಡಿದ್ದೆಯಾ? ಮಲಗಿ ಹೊಡೆದೆಯಾ, ಕೂತು ಹೊಡೆದೆಯಾ? ಆ ರೈಫಲ್‌ನಲ್ಲಿ ಅದಕ್ಕೂ ಮುಂಚೆ 400 ಮೀಟರ್‌ಗೆ ಎಷ್ಟು ಸಲ ಹೊಡೆದಿದ್ದೆ? ಇದಕ್ಕೆ ಉತ್ತರ ಕೊಡು, ಆಮೇಲೆ ತೋಟಾದ ಮಾತು.

ಹುಕ್ಕೇರಿ_77
30-06ಗೆ ಏನಾಗಿದೆ ಅಂತೀನಿ?

ಗಾಳಿಲೆಕ್ಕ_ವಿಜಯಪುರ
ಏನೂ ಆಗಿಲ್ಲ ಸರ್. 1906ರ ತೋಟಾ ಇವತ್ತಿಗೂ ಕೆಲಸ ಮಾಡುತ್ತದೆ. 180 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರಡುತ್ತದೆ. 300, 350 ಮೀಟರ್‌ವರೆಗೆ ಯಾವ ಜಿಂಕೆಗೂ ಸಾಕು.

ನಾನು ಫಿಸಿಕ್ಸ್ ಹೇಳಿಕೊಡುವವನು, ಹಾಗಾಗಿ ಗೋಕಾಕದವರ ಹೊಡೆತವನ್ನೇ ಲೆಕ್ಕ ಹಾಕಿದೆ. ಗಂಟೆಗೆ 16 ಕಿ.ಮೀ. ಅಡ್ಡಗಾಳಿ ಅಂತ ಇಟ್ಟುಕೊಳ್ಳಿ. 420 ಮೀಟರ್‌ನಲ್ಲಿ .308ರ 150 ಗ್ರೇನ್ ಗುಂಡನ್ನು ಗಾಳಿ ಹತ್ತಿರ ಹತ್ತಿರ 50 ಸೆಂ.ಮೀ. ತಳ್ಳುತ್ತದೆ. 7 ಎಂಎಂ ಪಿಆರ್‌ಸಿಯ 175 ಗ್ರೇನ್ ಉದ್ದ ಗುಂಡನ್ನು ಸುಮಾರು 26 ಸೆಂ.ಮೀ. ಅಂದರೆ ಅರ್ಧ.

ಈಗ ನೀವು ಗಾಳಿಯನ್ನು ಅಂದಾಜು ಮಾಡುವಾಗ ಅರ್ಧ ತಪ್ಪಿದಿರಿ ಅನ್ನಿ. ಕಣಿವೆಯಲ್ಲಿ ಎಂಥವರೂ ತಪ್ಪುತ್ತಾರೆ. .308 ಆದರೆ ಗುಂಡು 25 ಸೆಂ.ಮೀ. ಆಚೆ ಬಿತ್ತು. ಕೆಂಪು ಜಿಂಕೆಯ ಎದೆಗೂಡಿನಲ್ಲಿ ಹೊಡೆಯಬೇಕಾದ ಜಾಗ ಒಂದು ಊಟದ ತಟ್ಟೆಯಷ್ಟು, ಸುಮಾರು 25 ಸೆಂ.ಮೀ. ಅಗಲ. ನಡುವಿನಿಂದ 25 ಸೆಂ.ಮೀ. ಸರಿದರೆ ಹೊಟ್ಟೆಗೆ ಹೋಯಿತು. 7 ಎಂಎಂ ಆದರೆ 13 ಸೆಂ.ಮೀ. ತಪ್ಪು, ತಟ್ಟೆಯ ಅಂಚು.

ಭಾರದ ಗುಂಡಿನ ಲಾಭ ಇಷ್ಟೇ. ಅದು ನಿಮ್ಮ ತಪ್ಪನ್ನು ಅರ್ಧ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ.

ಇನ್ನೊಂದು ವಿಷಯವನ್ನು ಯಾರೂ ಎತ್ತಲಿಲ್ಲ. ಸಾಮಾನ್ಯ ಬೇಟೆ ಗುಂಡು ಒಳಗೆ ಹೋಗಿ ಅರಳಬೇಕಾದರೆ ತಗುಲುವಾಗ ಸೆಕೆಂಡಿಗೆ ಸುಮಾರು 550 ಮೀಟರ್ ವೇಗ ಇರಬೇಕು. ಪೂರ್ತಿ ತಾಮ್ರದ ಗುಂಡಿಗೆ ಇನ್ನೂ ಜಾಸ್ತಿ ಬೇಕು. ನಿಮ್ಮ 150 ಗ್ರೇನ್ ಗುಂಡು ಆ ದೂರಕ್ಕೆ ಹೋಗುವಷ್ಟರಲ್ಲಿ 560ರ ಆಸುಪಾಸಿಗೆ ಇಳಿದಿತ್ತು. ಅರಳದೆ ಸೂಜಿಯಂತೆ ದಾಟಿ ಹೋಗಿರಬಹುದು.

ಗೋಕಾಕದವ_ದಕ್ಷಿಣದ್ವೀಪ
ಹವಾಲ್ದಾರ್ ಕಾಕಾ, ನಿಜ ಹೇಳುತ್ತೇನೆ. ಗಾಳಿ ಇತ್ತು. ನಮ್ಮ ಕಡೆ ಹುಲ್ಲು ಅಲುಗಾಡುತ್ತಿರಲಿಲ್ಲ, ಹಾಗಾಗಿ ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಆಚೆ ದಡದ ಹುಲ್ಲು ಬಾಗಿದ್ದನ್ನು ಗೆಳೆಯ ಆಮೇಲೆ ತೋರಿಸಿದ. ಕೂತು, ಮೊಣಕಾಲ ಮೇಲೆ ಮೊಣಕೈ ಊರಿ ಹೊಡೆದೆ. 400 ಮೀಟರ್‌ಗೆ ಅದಕ್ಕೂ ಮುಂಚೆ ಒಂದೂ ಹೊಡೆದಿರಲಿಲ್ಲ. ರೇಂಜ್‌ನಲ್ಲಿ 200 ಅಷ್ಟೇ.

ಲೆಕ್ಕದ ಸರ್, ನಿಮ್ಮ 560 ಓದಿದ ಮೇಲೆ ಸುಮ್ನೆ ಕೂತುಬಿಟ್ಟೆ. ಈ ವಿಷಯ ನನಗೆ ಯಾರೂ ಹೇಳಿರಲಿಲ್ಲ.

ಬಾಗೇವಾಡಿ_ಅಕ್ಕ
ನಾನು ಈ ವೇದಿಕೆಗೆ ಬರೋದು ಅಡುಗೆ ವಿಭಾಗಕ್ಕೆ. ಇದು ಕಣ್ಣಿಗೆ ಬಿತ್ತು. ನೊಂದುಕೊಂಡೆ. ಆ ಜೀವ ಎಲ್ಲಿ ಹೋಗಿ ಎಷ್ಟು ಹೊತ್ತು ನರಳಿತೋ. ಡೇರಿಯಲ್ಲಿ ಕೆಲಸ ಇದೆ, ಹೊಟ್ಟೆಗೆ ಇದೆ. ಯಾಕೆ ಹೊಡೀಬೇಕು ತಮ್ಮಾ?

ಗೋಕಾಕದವ_ದಕ್ಷಿಣದ್ವೀಪ
ಅಕ್ಕಾವ್ರೇ, ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ. ಈ ದೇಶದಲ್ಲಿ ನೆಲದ ಮೇಲೆ ಓಡಾಡುವ ಮೂಲ ಸಸ್ತನಿ ಅಂತ ಇಲ್ಲ, ಇರೋದು ಬಾವಲಿ ಮಾತ್ರ. ಜಿಂಕೆ, ಥಾರ್ ಎಲ್ಲಾ ಹೊರಗಿನಿಂದ ತಂದು ಬಿಟ್ಟದ್ದು. ಥಾರ್ ನಮ್ಮ ಹಿಮಾಲಯದ್ದು. 1904ರಲ್ಲಿ ಇಲ್ಲಿನ ಮೌಂಟ್ ಕುಕ್ ಹತ್ತಿರ ತಂದು ಬಿಟ್ಟರು. ಇವಕ್ಕೆ ಇಲ್ಲಿ ಹುಲಿ ಇಲ್ಲ, ಚಿರತೆ ಇಲ್ಲ. ಬೆಟ್ಟದ ಮೇಲಿನ ಗಿಡ, ಹುಲ್ಲು ಎಲ್ಲಾ ಮೇಯ್ದು ನೆಲ ಬರಿದು ಮಾಡುತ್ತವೆ. 1993ರ ಸರ್ಕಾರಿ ಯೋಜನೆಯಲ್ಲಿ ಥಾರ್ 10,000 ದಾಟಬಾರದು ಅಂತ ಮಿತಿ ಹಾಕಿದ್ದಾರೆ. ಹೆಲಿಕಾಪ್ಟರ್‌ನಿಂದಲೂ ಹೊಡೆಯುತ್ತಾರೆ. ನಾವು ಹೊಡೆದದ್ದನ್ನು ಹೊತ್ತು ತರುತ್ತೇವೆ, ಹಂಚಿಕೊಂಡು ತಿನ್ನುತ್ತೇವೆ.

ಬಾಗೇವಾಡಿ_ಅಕ್ಕ
ಸರಿಯಪ್ಪಾ, ಅಲ್ಲಿನ ಸಂಗತಿ ನನಗೆ ಗೊತ್ತಿರಲಿಲ್ಲ. ಆದರೂ ಒಂದು ಮಾತು. ಒಂದೇ ಏಟಿಗೆ ಹೋಗುತ್ತೆ ಅಂತ ಖಾತ್ರಿ ಇಲ್ಲದಿದ್ದರೆ ಹೊಡೀಬೇಡ.

ಇಳಕಲ್_ಪತ್ತಾರ
ನನಗೆ ಬಂದೂಕು ಗೊತ್ತಿಲ್ಲ, ತೂಕ ಗೊತ್ತು. ಗ್ರೇನ್ ಗ್ರೇನ್ ಅಂತೀರಲ್ಲ, 180 ಗ್ರೇನ್ ಅಂದರೆ ಸರಿಯಾಗಿ ಒಂದು ತೊಲೆ. 11.66 ಗ್ರಾಂ. ಬ್ರಿಟಿಷರು 1833ರಲ್ಲಿ ತೊಲೆಯನ್ನು 180 ಗ್ರೇನ್‌ಗೇ ನಿಗದಿ ಮಾಡಿದರು. ನಮ್ಮ ಅಜ್ಜನ ತಕ್ಕಡಿ ಪೆಟ್ಟಿಗೆಯಲ್ಲಿ ಆ ತೂಕದ ಬಟ್ಟು ಈಗಲೂ ಇದೆ.

ಚಿಕ್ಕೋಡಿ_ಟೆಕ್ಸಾಸ್
ವಾಹ್! ಹದಿನೈದು ವರ್ಷದಿಂದ 200 ಗ್ರೇನ್ ಹೊಡೀತಾ ಇದ್ದೀನಿ, ಒಂದೊಂದು ಗುಂಡೂ ಒಂದು ತೊಲೆಗೂ ಮೇಲೆ ಅಂತ ಇವತ್ತು ಗೊತ್ತಾಯ್ತು. ಧನ್ಯವಾದ ಪತ್ತಾರ ಕಾಕಾ.

ಖಾನಾಪುರ_ಕಬ್ಬು
ನಮ್ಮ ಕಡೆ ಕಾಡುಹಂದಿ ಕಬ್ಬಿಗೆ ನುಗ್ಗಿದರೆ ಒಂದೇ ರಾತ್ರಿಗೆ ಅರ್ಧ ಎಕರೆ ಮಲಗಿಸುತ್ತವೆ. ಅಜ್ಜನ ಕಾಲದ ಬೆಳೆ ರಕ್ಷಣೆ ಲೈಸೆನ್ಸಿನ ಒಂಟಿ ನಳಿಗೆ ಇದೆ, 12 ಬೋರು. ಇಲೆಕ್ಷನ್ ಬಂದಾಗ ಠಾಣೆಗೆ ಕೊಟ್ಟು ಬರೋದು, ಮುಗಿದ ಮೇಲೆ ತರೋದು, ಅಷ್ಟೇ ಅದರ ಓಡಾಟ. ಹಂದಿಗೆ ಯಾವ ಗುಂಡು ಒಳ್ಳೇದು ಅಂತ ಇಲ್ಲೇ ಕೇಳಬಹುದಾ?

ನಿರ್ವಾಹಕ
ಖಾನಾಪುರದವರೇ, ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮಲ್ಲಿ ಬೇಟೆ ಅಪರಾಧ. ಬೆಳೆ ರಕ್ಷಣೆ ಲೈಸೆನ್ಸ್ ಇದ್ದರೂ ಹಂದಿ ಹೊಡೆಯಲು ಅದೇ ಅನುಮತಿ ಆಗುವುದಿಲ್ಲ. ಬೆಳೆ ಹಾನಿಗೆ ಅರಣ್ಯ ಇಲಾಖೆಯಲ್ಲಿ ಪರಿಹಾರದ ಅರ್ಜಿ ಕೊಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಈ ಚರ್ಚೆ ನ್ಯೂಜಿಲೆಂಡಿನ ಕಾನೂನುಬದ್ಧ ಬೇಟೆಯದು, ಅಷ್ಟಕ್ಕೇ ಇರಲಿ.

ಖಾನಾಪುರ_ಕಬ್ಬು
ಆಯ್ತು ಸರ್. ಅರ್ಜಿ ಕೊಟ್ಟಿದ್ದೇನೆ. ಸಂಕಟಕ್ಕೆ ಕೇಳಿದೆ.

ಗಾಳಿಲೆಕ್ಕ_ವಿಜಯಪುರ
ಚಿಕ್ಕೋಡಿ ಅಣ್ಣಾ, .300 ವಿನ್ ಮ್ಯಾಗ್ ಒಳ್ಳೇ ತೋಟಾ, ಒಪ್ಪುತ್ತೇನೆ. ಆದರೆ ಭಾರದ ಗುಂಡಿನ ದೃಷ್ಟಿಯಿಂದ ಎರಡು ಕೊರತೆ. ತೋಟಾದಲ್ಲಿ ಗುಂಡನ್ನು ಹಿಡಿಯುವ ಕುತ್ತಿಗೆ ಗಿಡ್ಡ. 210, 220 ಗ್ರೇನ್‌ನ ಉದ್ದ ಗುಂಡು ಕೂರಿಸಿದರೆ ಬಾಲ ಮದ್ದಿನ ಜಾಗಕ್ಕೆ ಇಳಿಯುತ್ತದೆ. ಅದಕ್ಕೇ 2018ರಲ್ಲಿ .300 ಪಿಆರ್‌ಸಿ ಬಂದದ್ದು, 212, 225 ಗ್ರೇನ್ ಗುಂಡಿಗೆ ಅಂತಲೇ ಉದ್ದ ಬಿಟ್ಟು ಮಾಡಿದ್ದಾರೆ. ಎರಡನೆಯದು, ಹಿಂದಕ್ಕೆ ಒದೆಯುವ ಏಟು. .308ಕ್ಕೆ ಹೋಲಿಸಿದರೆ ಹೆಚ್ಚುಕಮ್ಮಿ ಒಂದೂವರೆ ಪಟ್ಟು.

ಚಿಕ್ಕೋಡಿ_ಟೆಕ್ಸಾಸ್
ಸರ್, 200 ಗ್ರೇನ್‌ವರೆಗೆ ಏನೂ ತೊಂದರೆ ಇಲ್ಲ. ಸೆಕೆಂಡಿಗೆ 870 ಮೀಟರ್ ವೇಗ ಬರುತ್ತೆ. ಅದಕ್ಕಿಂತ ಭಾರ ಯಾರಿಗೆ ಬೇಕು? ಇನ್ನು ಒದೆತ. ನ್ಯೂಜಿಲೆಂಡಿನಲ್ಲಿ ಸಪ್ರೆಸರ್ ಹಾಕಲು ಅಡ್ಡಿ ಇಲ್ಲ. ಹಾಕಿದರೆ ಸದ್ದೂ ಇಳಿಯುತ್ತೆ, ಒದೆತವೂ ಇಳಿಯುತ್ತೆ. ಭುಜ ಗಟ್ಟಿ ಮಾಡ್ಕೊಂಡ್ರೆ ಆಯ್ತು.

ನಿವೃತ್ತ_ಹವಾಲ್ದಾರ್_ಬೆಳಗಾವಿ
ಭುಜದ ಮಾತಲ್ಲ ಚಿಕ್ಕೋಡಿಯವರೇ, ಕಣ್ಣಿನ ಮಾತು. ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರಿನಲ್ಲಿ ಎಷ್ಟೋ ಹುಡುಗರಿಗೆ ಫೈರಿಂಗ್ ಕಲಿಸಿದ್ದೇನೆ. ಕುಸ್ತಿ ಆಡಿದ ಪೈಲ್ವಾನ ಹುಡುಗರು ಕೂಡ ಟ್ರಿಗರ್ ಒತ್ತುವ ಕ್ಷಣಕ್ಕೆ ಕಣ್ಣು ಮುಚ್ಚುತ್ತಿದ್ದರು. ಒದೆಯುತ್ತದೆ ಅಂತ ಮೈಗೆ ಗೊತ್ತಾದರೆ ಸಾಕು, ಮೈ ಮೊದಲೇ ಬೆದರುತ್ತದೆ. ನಾನು ಗೊತ್ತಾಗದ ಹಾಗೆ ಖಾಲಿ ಡಮ್ಮಿ ತೋಟಾ ಒಂದನ್ನು ನಡುವೆ ತುಂಬಿಸುತ್ತಿದ್ದೆ. ಗುಂಡು ಹಾರಲಿಲ್ಲ, ಆದರೆ ನಳಿಗೆ ಕೆಳಕ್ಕೆ ಬಾಗಿತು! ಅವನಿಗೇ ನಾಚಿಕೆ. ಅಲ್ಲಿಂದ ಕಲಿಯುತ್ತಿದ್ದ.

ಭಾರದ ಗುಂಡಿನ ಬಗ್ಗೆಯೂ ಒಂದು ಹೇಳುತ್ತೇನೆ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿ ನಾವು ಹೊಡೆದದ್ದು .303. ಅದರ ಹಳೇ ಗುಂಡು 215 ಗ್ರೇನ್, ಮೂತಿ ದುಂಡಗೆ. 1910ರಲ್ಲಿ ಅದನ್ನು ಬಿಟ್ಟು 174 ಗ್ರೇನ್‌ನ ಚೂಪು ಗುಂಡು ತಂದರು. ತೂಕ ಇಳಿಸಿದರು, ವೇಗ ಏರಿತು, ದಾರಿ ನೇರವಾಯಿತು. ಬರೀ ಭಾರದಿಂದ ದೂರ ಹೋಗುವುದಿಲ್ಲ. ಆಕಾರ ಬೇಕು. ಈಗಿನವರು ಭಾರ, ಆಕಾರ ಎರಡನ್ನೂ ಕೂಡಿಸಿದ್ದಾರೆ, ಅದು ಬೇರೆ ಮಾತು.

ಗೋಳಗುಮ್ಮಟ_ಪ್ರೇಮಿ
ಭಾರದ ಗುಂಡು ಅಂದರೆ ನಮ್ಮ ವಿಜಯಪುರದ ತೋಪು ಮಲಿಕ್-ಎ-ಮೈದಾನ್! 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, 55 ಟನ್ ತೂಕ. ಬಾಯಿ ಎಷ್ಟು ಅಗಲ ಅಂದರೆ ನಾವು ಹುಡುಗರಿದ್ದಾಗ ಒಳಗೆ ಕೂರುತ್ತಿದ್ದೆವು.

ಗಾಳಿಲೆಕ್ಕ_ವಿಜಯಪುರ
ಅದನ್ನು ನೋಡಿ ಆಮೇಲೆ ಉಪ್ಪಲಿ ಬುರುಜು ಹತ್ತಬೇಕು. ಮೇಲಿರುವ ಉದ್ದ ತೋಪು ಹತ್ತಿರ ಹತ್ತಿರ 9 ಮೀಟರ್, ಬಾಯಿ ಮಾತ್ರ ಸಣ್ಣದು. ಮಲಿಕ್ ಉದ್ದ ನಾಲ್ಕೂವರೆ ಮೀಟರೂ ಇಲ್ಲ. ಗಿಡ್ಡ ಅಗಲ ತೋಪು ಹತ್ತಿರದ ಗುಂಪಿಗೆ, ಉದ್ದ ಸಣ್ಣ ಬಾಯಿಯದು ದೂರಕ್ಕೆ. ನಾನು ಮಕ್ಕಳನ್ನು ಎರಡೂ ಕಡೆ ಕರೆದುಕೊಂಡು ಹೋಗುತ್ತೇನೆ.

ಮುಧೋಳದವ
ನನಗೆ ಅನಿಸಿದ್ದು, ಆ ಜಿಂಕೆ ಹುಡುಕೋಕೆ ಒಂದು ಮುಧೋಳ ನಾಯಿ ಇದ್ದಿದ್ದರೆ ಸಿಗುತ್ತಿತ್ತು. ನಮ್ಮ ನಾಯಿ 2016ರಲ್ಲಿ ಮಿಲಿಟರಿಗೂ ಹೋಯ್ತು.

ನಿವೃತ್ತ_ಹವಾಲ್ದಾರ್_ಬೆಳಗಾವಿ
ಮುಧೋಳ ನಾಯಿ ಮೇಲೆ ನನಗೂ ಪ್ರೀತಿ. ಆದರೆ ಅದು ಕಣ್ಣಿನ ನಾಯಿ. ಕಂಡದ್ದನ್ನು ಅಟ್ಟಿಸಿ ಹಿಡಿಯೋದು ಅದರ ಗುಣ. ರಕ್ತದ ವಾಸನೆ ಹಿಡಿದು ಹೋಗೋಕೆ ಮೂಗಿನ ನಾಯಿಯೇ ಬೇಕು.

ಮುಧೋಳದವ
ಒಪ್ಪಿದೆ ಕಾಕಾ. ಬಂದೂಕಿನ ಮಾತು ಬಂದದ್ದಕ್ಕೆ ಇದೂ ಇರಲಿ, 1857ರಲ್ಲಿ ಆಯುಧ ಒಪ್ಪಿಸಿ ಅಂದಾಗ ಒಪ್ಪಿಸಲ್ಲ ಅಂತ ನಿಂತ ಹಲಗಲಿ ಬೇಡರು ನಮ್ಮ ತಾಲ್ಲೂಕಿನವರು. ಊರಿಗೇ ಬೆಂಕಿ ಹಚ್ಚಿದರು. ಆ ಊರ ಮೇಲೆ ಹೋಗುವಾಗ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

ಗೋಕಾಕದವ_ದಕ್ಷಿಣದ್ವೀಪ
ಎಲ್ಲರ ಮಾತೂ ಓದಿದೆ. ಈಗ ಹೊಸ ಸಂಗತಿ. ಇಲ್ಲಿ ಪರಿಚಯದ ಹಿರಿಯರೊಬ್ಬರು ತಮ್ಮ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ಮಾರುತ್ತಿದ್ದಾರೆ. ದುರ್ಬೀನು, ಸಪ್ರೆಸರ್ ಎಲ್ಲಾ ಸೇರಿ ಹೊಸ ಪಿಆರ್‌ಸಿಯ ಅರ್ಧ ಬೆಲೆ. ನಳಿಗೆ ಮೇಲೆ 9.5 ಇಂಚಿಗೆ ಒಂದು ಸುತ್ತು ಅಂತ ಇದೆ, ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೀರಿನ ಲೆಕ್ಕ. ಇದಕ್ಕೆ 180 ಗ್ರೇನ್ ಗುಂಡು ಹಾಕಬಹುದಾ?

ಗಾಳಿಲೆಕ್ಕ_ವಿಜಯಪುರ
ಬೇಡ. ಭಾರದ ಗುಂಡು ಅಂದರೆ ಉದ್ದದ ಗುಂಡು. ಉದ್ದ ಹೆಚ್ಚಾದಷ್ಟೂ ಅದನ್ನು ಜೋರಾಗಿ ತಿರುಗಿಸಬೇಕು, ಇಲ್ಲದಿದ್ದರೆ ಬುಗುರಿ ಸೋತಾಗ ಓಲಾಡುವ ಹಾಗೆ ಓಲಾಡುತ್ತದೆ. 7 ಎಂಎಂನಲ್ಲಿ 180 ಗ್ರೇನ್‌ಗೆ 8 ಇಂಚಿಗೆ ಒಂದು ಸುತ್ತು ಬೇಕು, ಪಿಆರ್‌ಸಿ ನಳಿಗೆ ಹಾಗೇ ಬರುತ್ತದೆ. 1962ರ ರೆಮಿಂಗ್ಟನ್ ಮ್ಯಾಗ್ನಮ್ ಕಾಲದಲ್ಲಿ ಇಷ್ಟು ಉದ್ದದ ಗುಂಡು ಇರಲಿಲ್ಲ, ಅದಕ್ಕೇ ಅದರ ನಳಿಗೆಯ ಸುತ್ತು ನಿಧಾನ. 9.5ಕ್ಕೆ 162 ಗ್ರೇನ್ ಸರಿ ಹೊಂದುತ್ತದೆ. ಹತ್ತೂವರೆ ಗ್ರಾಂ.

ಅದು ಕಡಿಮೆ ಅಂದುಕೊಳ್ಳಬೇಡಿ. ಸೆಕೆಂಡಿಗೆ ಸುಮಾರು 895 ಮೀಟರ್ ವೇಗದಲ್ಲಿ ಹೊರಡುತ್ತದೆ. 420 ಮೀಟರ್‌ನಲ್ಲಿ ಅದೇ ಗಾಳಿ ಅದನ್ನು 30 ಸೆಂ.ಮೀ. ಒಳಗೇ ತಳ್ಳುತ್ತದೆ. ಅಲ್ಲಿ ವೇಗ ಇನ್ನೂ 650ರ ಮೇಲೆ ಇರುತ್ತದೆ, ಗುಂಡು ಚೆನ್ನಾಗಿ ಅರಳುತ್ತದೆ. 175 ಗ್ರೇನ್‌ಗೂ ಇದಕ್ಕೂ ಬೆರಳಷ್ಟು ವ್ಯತ್ಯಾಸ.

ಚಿಕ್ಕೋಡಿ_ಟೆಕ್ಸಾಸ್
ನನ್ನ ಓಟು ಈಗಲೂ .300ಕ್ಕೇ. ಆದರೆ ಅರ್ಧ ಬೆಲೆಗೆ ಸಪ್ರೆಸರ್ ಸಮೇತ ಅಂದರೆ ಬಿಡಬೇಡ. ನಳಿಗೆ ಒಳಗೆ ಸವೆದಿದೆಯಾ ನೋಡಿಸಿಕೋ. ಮ್ಯಾಗ್ನಮ್ ತೋಟಾ ನಳಿಗೆಯ ಬುಡವನ್ನು ಬೇಗ ತಿನ್ನುತ್ತೆ. ಎಷ್ಟು ಗುಂಡು ಹೊಡೆದಿದ್ದಾರೆ ಕೇಳು.

ಹುಕ್ಕೇರಿ_77
6.5 ಕ್ರೀಡ್‌ಮೋರ್ ಬಗ್ಗೆ ಯಾರೂ ಮಾತಾಡಲಿಲ್ಲ. 143 ಗ್ರೇನ್, ಒದೆತವೇ ಇಲ್ಲ.

ಗಾಳಿಲೆಕ್ಕ_ವಿಜಯಪುರ
ಗಾಳಿಯಲ್ಲಿ .308ಕ್ಕಿಂತ ಎಷ್ಟೋ ಮೇಲು. ಬಲ ಕಡಿಮೆ. ಥಾರ್‌ಗೆ ಸಾಕು. ದೊಡ್ಡ ಗಂಡು ಕೆಂಪು ಜಿಂಕೆಗೆ 400 ಮೀಟರ್‌ನಲ್ಲಿ ನಾನಾದರೆ ಇನ್ನೂ ಸ್ವಲ್ಪ ತೂಕ ಬಯಸುತ್ತೇನೆ.

ನಿವೃತ್ತ_ಹವಾಲ್ದಾರ್_ಬೆಳಗಾವಿ
ಹಳೇ 7 ಎಂಎಂ ತಗೋ ತಮ್ಮಾ. ಉಳಿದ ಅರ್ಧ ದುಡ್ಡಿನಲ್ಲಿ ತೋಟಾ ತಗೋ. ಒಂದೇ ಬಗೆಯದು, ಒಂದೇ ತೂಕದ್ದು. ಅದನ್ನು ಅಭ್ಯಾಸಕ್ಕೆ ಸುರಿ.

ಮೊದಲು 100 ಮೀಟರ್‌ಗೆ ಸರಿ ಹೊಂದಿಸು. ಆಮೇಲೆ 200, 300, 400 ಪ್ರತಿ ದೂರಕ್ಕೂ ನಿಜವಾಗಿ ಹೊಡೆದು ಎಷ್ಟು ಇಳಿಯಿತು ಅಂತ ಚೀಟಿಯಲ್ಲಿ ಬರೆದು ರೈಫಲ್ಲಿನ ಹಿಂಭಾಗಕ್ಕೆ (ಬಟ್) ಅಂಟಿಸು. ಮೊಬೈಲಿನ ಲೆಕ್ಕ ಸಹಾಯಕ್ಕೆ, ನಂಬಿಕೆಗೆ ನಿನ್ನ ಚೀಟಿ. ಮೇಜಿನ ಮೇಲೆ ಇಟ್ಟು ಹೊಡೆಯಬೇಡ, ಗುಡ್ಡದ ಮೇಲೆ ಮೇಜು ಇರಲ್ಲ. ಬೆನ್ನ ಚೀಲ ಮುಂದಿಟ್ಟು ಮಲಗಿ ಹೊಡೆ.

ಇಳಿಜಾರು ಮರೀಬೇಡ. ಕೆಳಗೆ 30 ಡಿಗ್ರಿಯಲ್ಲಿ 400 ಮೀಟರ್ ಅಂತ ದೂರಮಾಪಕ ತೋರಿಸಿದರೆ ಗುಂಡಿನ ಇಳಿತದ ಲೆಕ್ಕಕ್ಕೆ ಅದು 346 ಮೀಟರ್ ಅಷ್ಟೇ. 400 ಅಂತ ಹೊಡೆದರೆ ಮೇಲಿಂದ ಹಾರಿ ಹೋಗುತ್ತದೆ. ಗಾಳಿಗೆ ಮಾತ್ರ ಪೂರ್ತಿ 400 ಹಿಡಿ.

ಹತ್ತರಲ್ಲಿ ಹತ್ತೂ ಊಟದ ತಟ್ಟೆಯೊಳಗೆ ಬೀಳುವ ದೂರ ಯಾವುದೋ, ಅದೇ ನಿನ್ನ ಬೇಟೆಯ ದೂರ. 280 ಆದರೆ 280. ಅದಕ್ಕಿಂತ ಆಚೆ ಇದ್ದರೆ ನಡೆದು ಹತ್ತಿರ ಹೋಗು.

ಬಾಗೇವಾಡಿ_ಅಕ್ಕ
ಹವಾಲ್ದಾರ್ ಅಣ್ಣಾರ ಹೇಳಿದ್ದೇ ನನ್ನ ಮಾತೂ.

ಗೋಕಾಕದವ_ದಕ್ಷಿಣದ್ವೀಪ
7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ತಗೊಂಡೆ. ನಳಿಗೆ ನೋಡಿಸಿದೆ, ಒಳ್ಳೇ ಸ್ಥಿತಿಯಲ್ಲಿದೆ. 162 ಗ್ರೇನ್ ತೋಟಾ, ಐದು ಪೆಟ್ಟಿಗೆ, ಎಲ್ಲಾ ಒಂದೇ ಲಾಟಿನದು. ಥಾರ್‌ಗೆ ಈ ಸಲ ಹೋಗಲ್ಲ ಅಂತ ಗೆಳೆಯನಿಗೆ ಹೇಳಿಬಿಟ್ಟೆ. ಮೊದಲು ರೇಂಜ್.

ಗೋಕಾಕದವ_ದಕ್ಷಿಣದ್ವೀಪ
ಮೂರು ವಾರ ಆಯ್ತು, ವರದಿ ಕೊಡುತ್ತೇನೆ. 200 ಮೀಟರ್‌ನಲ್ಲಿ ಹತ್ತಕ್ಕೆ ಹತ್ತೂ ತಟ್ಟೆಯೊಳಗೆ. 300ರಲ್ಲಿ ಗಾಳಿ ಇಲ್ಲದ ದಿನ ಹತ್ತಕ್ಕೆ ಹತ್ತು. ನಿನ್ನೆ ಗಾಳಿ ಇತ್ತು, ಬೇಕಂತಲೇ ಹೋದೆ. ಹತ್ತರಲ್ಲಿ ಎಂಟು ಒಳಗೆ, ಎರಡು ಹೊರಗೆ. ಡಮ್ಮಿ ತೋಟಾದ ಉಪಾಯ ಗೆಳೆಯನಿಂದ ಮಾಡಿಸಿದೆ ಕಾಕಾ. ಮೊದಲ ದಿನ ನಳಿಗೆ ಬಾಗಿತು. ಈಗ ಬಾಗಲ್ಲ.

ನಿವೃತ್ತ_ಹವಾಲ್ದಾರ್_ಬೆಳಗಾವಿ
ಶಾಬಾಸ್. ಆ ಎರಡು ಯಾವ ಕಡೆ ಹೋದವು? ಗಾಳಿ ಯಾವ ಕಡೆಯಿಂದ ಇತ್ತು?

ಗೋಕಾಕದವ_ದಕ್ಷಿಣದ್ವೀಪ
ಗಾಳಿ ಬಲದಿಂದ. ಎರಡೂ ಎಡಕ್ಕೆ ಹೋದವು. ನನ್ನ ಹತ್ತಿರದ ಬಾವುಟ ಸುಮ್ಮನಿತ್ತು, ಗುರಿಯ ಹತ್ತಿರದ್ದು ಹಾರುತ್ತಿತ್ತು. ನಾನು ಹತ್ತಿರದ್ದನ್ನು ನಂಬಿದೆ.

ನಿವೃತ್ತ_ಹವಾಲ್ದಾರ್_ಬೆಳಗಾವಿ
ಆವತ್ತಿನ ಕಣಿವೆಯಲ್ಲೂ ಹೀಗೇ ಆದದ್ದು. ಮುಂದಿನ ವಾರ ಎರಡೂ ಬಾವುಟ, ನಡುವಿನ ಹುಲ್ಲು, ಮೂರನ್ನೂ ನೋಡಿ ಬರೆದುಕೋ. ಆಮೇಲೆ ಹೊಡೆ. ಬರೆದದ್ದು ಇಲ್ಲಿ ಹಾಕು, ನೋಡುತ್ತೇನೆ.